ಸಾಲೇಹಾಳ ಕೈಗುಣ

ಪರಮಶಿವಪ್ಪ ಮೇಷ್ಟ್ರು ಮೂವತ್ತೊಂದು ವರ್ಷ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡು, ಕಾಗುಣಿತ ತಿದ್ದಿ ನಿವೃತ್ತರಾದ ದಿನ ಶಾಲೆಯವರು ಅವರಿಗೊಂದು ಶಾಲು ಹೊದಿಸಿದರು. ಮಾರನೆಯ ದಿನದಿಂದಲೇ ಶಿಕಾರಿಪುರದ ಪೇಟೆಬೀದಿಯಲ್ಲಿ ಅವರಿಗೆ ಬೀಳುತ್ತಿದ್ದ ನಮಸ್ಕಾರಗಳು ಅರ್ಧಕ್ಕಿಳಿದವು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅಂಗಡಿ ಕಟ್ಟೆಯ ಮೇಲೆ ಕೂತವರು ಅವರನ್ನು ಕಂಡರೆ ಸರಿದು ಜಾಗ ಕೊಡುವುದನ್ನೂ ಬಿಟ್ಟರು. ಹೊಸ ಹೆಡ್‌ಮಾಸ್ತರು ಎದುರಿಗೆ ಸಿಕ್ಕರೂ ಸೈಕಲ್ಲಿನಿಂದ ಇಳಿಯಲಿಲ್ಲ. ಮೇಷ್ಟ್ರಿಗೆ ಅದು ಎಷ್ಟು ಚುಚ್ಚಿತು ಎನ್ನುವುದು ಹೆಂಡತಿ ವರದಮ್ಮನಿಗೊಬ್ಬಳಿಗೇ ಗೊತ್ತಿತ್ತು.

ಆ ಮರ್ಯಾದೆಯನ್ನು ಮತ್ತೆ ಸಂಪಾದಿಸಿಕೊಟ್ಟದ್ದು ಹಿತ್ತಲಿನ ಸುಗಂಧಿ ಗಿಡ.

ಬಹಳ ಹಿಂದೆ ಅವರು ಸೊರಬದಲ್ಲಿ ಮೇಷ್ಟ್ರಾಗಿದ್ದಾಗ, ಘಟ್ಟದ ಕಡೆಯ ಒಬ್ಬ ಉಪಾಧ್ಯಾಯರು ವರ್ಗವಾಗಿ ಹೋಗುವಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಎರಡು ಗಡ್ಡೆಗಳನ್ನು ಅವರ ಕೈಗಿತ್ತಿದ್ದರು. ನೋಡಲು ಶುಂಠಿಯಂತೆಯೇ, ಗೆಣ್ಣು ಗೆಣ್ಣಾಗಿ. ಮುರಿದು ಮೂಸಿದರೆ ಶುಂಠಿಯದೇ ಘಾಟು. ಆದರೆ ಇದು ಅಡುಗೆಗೆ ಬರುವಂಥದ್ದಲ್ಲ, ಹೂವಿಗಾಗಿ ಸಾಕುವ ಗಿಡ. ಬಚ್ಚಲು ನೀರು ಹರಿದುಹೋಗುವ ಕಡೆ, ಅರೆ ನೆರಳಿನಲ್ಲಿ ಊರಿದರೆ ಸಾಕು, ಮತ್ತೆ ಏನೂ ಕೇಳುವುದಿಲ್ಲ. ಮುಂಗಾರು ಹನಿ ಬಿದ್ದ ಕೂಡಲೇ ಭರ್ಚಿಯಂತೆ ಮೊಳಕೆ ಏಳುತ್ತದೆ, ಶ್ರಾವಣದ ಹೊತ್ತಿಗೆ ಎದೆಮಟ್ಟ ಬೆಳೆಯುತ್ತದೆ, ತುದಿಯಲ್ಲಿ ಹಸಿರು ತೆನೆ ಬಂದು ಅದರ ಸಂದುಸಂದಿನಿಂದ ಸಂಜೆಗೆ ಬೆಳ್ಳನೆಯ ಹೂ ಬಿಚ್ಚುತ್ತದೆ. ಚಿಟ್ಟೆ ಕೂತಂತೆ ಕಾಣುವ ಹೂ. ಒಂದು ಹೂ ಬಿಚ್ಚಿದರೆ ಇಡೀ ಮನೆಗೆ ಗೊತ್ತಾಗುತ್ತದೆ. ದೀಪಾವಳಿ ದಾಟಿದ ಮೇಲೆ ಎಲೆ ಹಳದಿಯಾಗಿ, ಶಿವರಾತ್ರಿಗೆಲ್ಲ ದಂಟು ಒಣಗಿ ಸತ್ತೇಹೋಯಿತು ಅನ್ನುವ ಹಾಗೆ ಮಲಗುತ್ತದೆ. ಸಾಯುವುದಿಲ್ಲ. ನೆಲದೊಳಗೆ ಗಡ್ಡೆ ಒಂದಿದ್ದದ್ದು ನಾಲ್ಕಾಗುತ್ತಾ ಇರುತ್ತದೆ.

ಶಿಕಾರಿಪುರದಲ್ಲಿ ಆಗ ಬೇರೆ ಯಾರ ಮನೆಯಲ್ಲೂ ಈ ಹೂ ಇರಲಿಲ್ಲ. ಮೇಷ್ಟ್ರು ಸಂಜೆ ನಾಲ್ಕಕ್ಕೆ ಇನ್ನೂ ಸುರುಳಿ ಸುತ್ತಿಕೊಂಡಿದ್ದ ಮೊಗ್ಗುಗಳನ್ನು ಬಿಡಿಸಿ, ಬಾಳೆಯೆಲೆಯ ಚೂರಿನಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ ಹೊರಡುವರು. ಅಮಲ್ದಾರರ ಮನೆಗೆ ಐದು, ಡಾಕ್ಟರ ಮನೆಗೆ ಐದು, ದೇವಸ್ಥಾನಕ್ಕೆ ಹತ್ತು. ದೀಪ ಹಚ್ಚುವ ಹೊತ್ತಿಗೆ ಅವು ಬಿಚ್ಚುತ್ತಿದ್ದವು. ಅಮಲ್ದಾರರ ಹೆಂಡತಿ ಬಾಗಿಲಿಗೇ ಬಂದು, "ಬನ್ನಿ ಮೇಷ್ಟ್ರೇ, ನಿಮ್ಮನ್ನೇ ಕಾಯ್ತಿದ್ದೆ" ಎನ್ನುತ್ತಿದ್ದರು. ಊರಿಗೆ ಅವರು 'ಸುಗಂಧಿ ಮೇಷ್ಟ್ರು' ಆದರು. ಹೊಸ ಹೆಡ್‌ಮಾಸ್ತರು ಒಂದು ದಿನ ಸೈಕಲ್ಲಿನಿಂದ ಇಳಿದೇ ಬಿಟ್ಟರು, "ನಮ್ಮ ಮನೆಯಾಕೆ ಎರಡು ಹೂ ಕೇಳಿದ್ದಾಳೆ" ಎಂದು. ಯಾರಾದರೂ ಗಡ್ಡೆ ಕೇಳಿದರೆ ಮಾತ್ರ ಮೇಷ್ಟ್ರು, "ಈಗ ಕಾಲ ಅಲ್ಲ" ಎಂದು ಜಾರಿಕೊಳ್ಳುತ್ತಿದ್ದರು. ಕಾಲ ಯಾವುದೆಂದು ಅವರು ಯಾರಿಗೂ ಹೇಳಲಿಲ್ಲ.

ಸಾವಿರದ ಒಂಬೈನೂರ ಐವತ್ತೈದರಲ್ಲಿ ಪಕ್ಕದ ಮನೆಗೆ ದರ್ಜಿ ಶೌಕತ್ ಅಲಿ ಬಾಡಿಗೆಗೆ ಬಂದ. ಅವನ ತಾಯಿ ಹಾಜಿರಾ ಬೀ, ಹೆಂಡತಿ ಸಾಲೇಹಾ, ಮೂರೇ ಜನ. ಸಾಲೇಹಾಳ ತವರು ಸೊರಬ. ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಗಿತ್ತು. ಆ ನೋವನ್ನು ಅವಳು ಮಣ್ಣಿಗೆ ಹಾಕಿದಳೋ ಏನೋ, ಬಂದ ಒಂದೇ ವರ್ಷದಲ್ಲಿ ಬರೀ ಕಲ್ಲು ತುಂಬಿದ್ದ ಆ ಹಿತ್ತಲು ಹಸಿರಾಯಿತು. ಒಡೆದ ಗಡಿಗೆಯಲ್ಲಿ ಪುದೀನ, ಬೇಲಿಯುದ್ದಕ್ಕೂ ಗೋರಂಟಿ, ತೊಗರಿಕಡ್ಡಿ ಹಂದರದ ಮೇಲೆ ಹೀರೆ. ಓಣಿಯ ಹೆಂಗಸರು, "ಅವಳು ಒಣಕಡ್ಡಿ ನೆಟ್ಟರೂ ಚಿಗುರ್ತದೆ" ಎಂದು ಮಾತಾಡಿಕೊಳ್ಳುತ್ತಿದ್ದರು. ಈಸೂರಿನಿಂದ ದಿನಾ ಮೊಸರು ತರುತ್ತಿದ್ದ ಹುಲಿಯಮ್ಮನಂತೂ, ಮೆಣಸಿನ ಸಸಿಗೆ ಬೀಜ ಚೆಲ್ಲುವ ಮೊದಲು ಬೀಜದ ಗಂಟನ್ನು ತಂದು ಸಾಲೇಹಾಳ ಕೈಯಲ್ಲಿ ಮುಟ್ಟಿಸಿಕೊಂಡು ಹೋಗುತ್ತಿದ್ದಳು.

"ಮುಟ್ಟವ್ವ, ಮುಟ್ಟು. ನಿನ್ ಕೈ ತಾಗಿದ್ರೆ ಒಂದ್ ಬೀಜನೂ ಹುಸಿ ಹೋಗಾದಿಲ್ಲ" ಎನ್ನುವಳು. ಸಾಲೇಹಾ ನಾಚಿಕೊಂಡು, ಬಿಸ್ಮಿಲ್ಲಾ ಹೇಳಿ, ಗಂಟಿನೊಳಗೆ ಕೈಯಾಡಿಸಿ ಕೊಡುವಳು.

ಆ ವರ್ಷವೇ ವರದಮ್ಮ ಬಾವಿಕಟ್ಟೆಯಲ್ಲಿ ಜಾರಿ ಬಲಗೈ ಮುರಿದುಕೊಂಡರು. ಒಂದೂವರೆ ತಿಂಗಳು ಸಾಲೇಹಾ ಬೆಳಿಗ್ಗೆ ಬಂದು ಅವರ ತಲೆ ಬಾಚಿ ಜಡೆ ಹಾಕಿದಳು, ಅಂಗಳ ಗುಡಿಸಿದಳು, ಜತೆಗೆ ಕೂತು ಹರಟಿದಳು. ಹೆಣ್ಣುಮಕ್ಕಳಿಲ್ಲದ ವರದಮ್ಮನಿಗೆ ಅವಳನ್ನು ಕಂಡರೆ ಜೀವ.

ಐವತ್ತಾರರ ಬೇಸಿಗೆ. ಸುಗಂಧಿಯ ದಂಟುಗಳನ್ನು ಮೇಷ್ಟ್ರು ಕುಡುಗೋಲಿನಿಂದ ಬುಡಕ್ಕೆ ಕೊಯ್ಯುತ್ತಿದ್ದರು. ಸಾಲೇಹಾ ವರದಮ್ಮನ ಜೊತೆ ಹಿತ್ತಲಿಗೆ ಬಂದವಳು ನಿಂತು ನೋಡಿದಳು.

"ಮೇಷ್ಟ್ರೇ, ನಂಗೊಂದು ಗಡ್ಡೆ ಕೊಡ್ತೀರೇನ್ರೀ? ಸಂಜೆ ನಿಮ್ಮನೆಯಿಂದ ವಾಸನೆ ಬಂದ್ರೆ ನಾನು ಬಾಗಿಲಾಗೇ ನಿಂತ್ಕಂತೀನಿ."

'ಈಗ ಕಾಲ ಅಲ್ಲ' ಎನ್ನುವ ಮಾತು ಮೇಷ್ಟ್ರ ಬಾಯಿಗೆ ಬಂದಿತ್ತು. ಆದರೆ ಗಡ್ಡೆಗೆ ಕಾಲ ಅದೇ ಎಂದು ಮಣ್ಣಿನ ಕೆಲಸ ಬಲ್ಲವಳಿಗೆ ಗೊತ್ತಿಲ್ಲವೇ? ಮೇಲಾಗಿ ವರದಮ್ಮ ಪಕ್ಕದಲ್ಲೇ ನಿಂತು, "ಕೊಡದೇ ಏನು! ನಾಳೆ ಬೆಳಿಗ್ಗೆ ಬಾ, ಅಗೆದಿಟ್ಟಿರ್ತಾರೆ" ಎಂದುಬಿಟ್ಟರು.

ಆ ಸಂಜೆಯೆಲ್ಲ ಮೇಷ್ಟ್ರ ತಲೆಯಲ್ಲಿ ಒಂದೇ ಲೆಕ್ಕ. ಇವಳ ಕೈಗೆ ಸಿಕ್ಕರೆ ಒಂದು ಗಡ್ಡೆ ಬರುವ ವರ್ಷಕ್ಕೆ ಹತ್ತಾಗುತ್ತದೆ. ಕೇಳಿದವರಿಗೆಲ್ಲ ಇವಳು ಕೊಡುತ್ತಾಳೆ, ಇಲ್ಲ ಎನ್ನುವ ಜಾಯಮಾನವಲ್ಲ. ಆಮೇಲೆ ಅಮಲ್ದಾರರ ಹೆಂಡತಿ ಯಾರನ್ನು ಕಾಯುತ್ತಾಳೆ? ಬೆಳಿಗ್ಗೆ ಎದ್ದು ಅಗೆದರು. ದಪ್ಪನೆಯ, ಮೂರು ಕಣ್ಣಿನ ಗಡ್ಡೆ ಬಂತು. ಮಣ್ಣು ತೊಳೆಯಲೆಂದು ಬಚ್ಚಲಿಗೆ ಹೋದರು. ಹಂಡೆಯಲ್ಲಿ ಸ್ನಾನದ ನೀರು ಕುದಿಯುತ್ತಿತ್ತು. ಕೈ ತಾನಾಗಿಯೇ ಮಾಡಿತು ಎಂದು ಅವರು ಆಮೇಲೆ ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡರು. ಆದರೆ ಕೈ ತಾನಾಗಿ ತಂಬಿಗೆಯಲ್ಲಿ ಕುದಿನೀರು ತೋಡಿಕೊಂಡು, ಗಡ್ಡೆಯನ್ನು ಅದರೊಳಗಿಟ್ಟು, ತಟ್ಟೆ ಮುಚ್ಚಿ, ಹಲ್ಲುಜ್ಜಿ ಮುಗಿಯುವ ತನಕ ಕಾಯುವುದಿಲ್ಲ. ತೆಗೆದಾಗ ಸಿಪ್ಪೆಯ ಬಣ್ಣ ತುಸು ಕಂದಿತ್ತು, ಅಷ್ಟೆ. ಒರೆಸಿ, ಮತ್ತೆ ಮಣ್ಣು ಮೆತ್ತಿ, ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿದರು.

ಸಾಲೇಹಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಜೂನ್ ಬಂತು, ಮಳೆ ಬಂತು. ಮೇಷ್ಟ್ರ ಹಿತ್ತಲಲ್ಲಿ ಮೊಳಕೆ ಗೇಣುದ್ದವಾಯಿತು. ಸಾಲೇಹಾ ದಿನಕ್ಕೆರಡು ಸಲ ಬಚ್ಚಲ ಹಿಂದೆ ಕುಕ್ಕರಗಾಲಲ್ಲಿ ಕೂತು ನೆಲ ನೋಡುವುದು ಈ ಕಡೆಯ ಬಾವಿಕಟ್ಟೆಯಿಂದ ಕಾಣುತ್ತಿತ್ತು. ಜುಲೈಯಲ್ಲಿ ಕೆದಕಿ ನೋಡಿದಳು. ಗಡ್ಡೆ ಮೆತ್ತಗೆ ಕೊಳೆತಿತ್ತು.

"ನೀರು ಜಾಸ್ತಿ ಆಯ್ತು ಕಣಮ್ಮ" ಎಂದರು ಮೇಷ್ಟ್ರು.

"ಇನ್ನೊಂದು ಕೊಡ್ತೀನಿ, ಬರೋ ವರ್ಷ" ಎಂದೂ ತಾವಾಗಿಯೇ ಸೇರಿಸಿದರು. ಆ ಗಳಿಗೆಯಲ್ಲಿ ಅದು ನಿಜವಾದ ಮಾತೇ. ಅವರಿಗೆ ನಾಚಿಕೆಯಾಗಿತ್ತು. ಮುಂದಿನ ಸಲ ಒಳ್ಳೆಯ ಗಡ್ಡೆ ಕೊಟ್ಟು ಇದನ್ನು ಇಲ್ಲಿಗೇ ಮರೆತುಬಿಡಬೇಕೆಂದು ಅವರು ಮನಸ್ಸಿನಲ್ಲಿ ನಿಶ್ಚಯ ಮಾಡಿದರು. ಆದರೆ ಆ ಆಗಸ್ಟ್ ಹದಿನೈದರಂದು ಧ್ವಜದ ಕಟ್ಟೆಯ ಬಳಿ ಅಮಲ್ದಾರರು ಅವರನ್ನು ಕರೆದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಹೊಸ ಹೆಡ್‌ಮಾಸ್ತರು ಹಿಂದಿನ ಸಾಲಿನಲ್ಲಿದ್ದರು. ಐವತ್ತೇಳರ ಬೇಸಿಗೆಯಲ್ಲಿ ಮೇಷ್ಟ್ರು ಎರಡನೆಯ ಗಡ್ಡೆ ಅಗೆದಾಗ ಬಚ್ಚಲಿನಲ್ಲಿ ಹಂಡೆ ಕುದಿಯುತ್ತಲೇ ಇತ್ತು. ಈ ಸಲ ಕೈ ತಾನಾಗಿ ಮಾಡಿತೆಂದು ಹೇಳಿಕೊಳ್ಳಲೂ ಅವರಿಗೆ ಬರಲಿಲ್ಲ.

ಸಾಲೇಹಾ ಈ ಸಲ ಜಾಗ ಬದಲಿಸಿದಳು. ತಗ್ಗು ಬಿಟ್ಟು ಏರು ಮಾಡಿ, ಗೊಬ್ಬರ ಹಾಕಿ, ನೀರನ್ನು ಅಳೆದಳೆದು ಹುಯ್ದಳು. ಆಷಾಢದ ಒಂದು ಬೆಳಿಗ್ಗೆ ಮೇಷ್ಟ್ರು ಅವರ ಮನೆ ಮುಂದೆ ಹಾದುಹೋಗುವಾಗ ಅವಳು ಓಡಿ ಬಂದಳು. ಕೈಯಲ್ಲಿ ಕಪ್ಪಗೆ ಕೊಳೆತ ಗಡ್ಡೆ. ಕಟ್ಟೆಯ ಮೇಲೆ ಹಾಜಿರಾ ಬೀ ಅಕ್ಕಿ ಆರಿಸುತ್ತಿದ್ದಳು. ಮೆಟ್ಟಿಲ ಬಳಿ ಹುಲಿಯಮ್ಮ ಮೊಸರಿನ ಗಡಿಗೆ ಇಳಿಸಿ, ಸೊಂಟದಿಂದ ಬೀಜದ ಗಂಟು ತೆಗೆಯುತ್ತಿದ್ದಳು.

"ಮೇಷ್ಟ್ರೇ, ನೀವು ತಿಳಿದವರು. ನಿಜ ಹೇಳ್ರೀ" ಎಂದಳು ಸಾಲೇಹಾ. ಕಣ್ಣು ತುಂಬಿತ್ತು. "ನಿಮ್ಮ ಮನೇಲಿ ಕಾಡಿನಂಗೆ ಬೆಳೆಯೋದು ನನ್ನ ಕೈಯಾಗೆ ಎರಡು ಸಲ ಸತ್ತೋತು. ನನ್ನ ಕೈಯಾಗೇನಾದ್ರೂ ದೋಷ ಐತೇನ್ರೀ?"

'ನಿನ್ನ ಕೈಯಲ್ಲಿ ದೋಷವಿಲ್ಲ ತಾಯಿ, ಗಡ್ಡೆ ಕೆಟ್ಟದ್ದಿರಬೇಕು' ಎಂದಿದ್ದರೂ ಸಾಕಿತ್ತು. ನಿಜ ಹೇಳುವ ಧೈರ್ಯವಿಲ್ಲದಿದ್ದರೆ ಅಷ್ಟು ಸುಳ್ಳಾದರೂ ಹೇಳಬಹುದಿತ್ತು. ಮೂರು ಜನ ಹೆಂಗಸರು ತಮ್ಮ ಬಾಯಿ ನೋಡುತ್ತಿದ್ದಾರೆ. ಕೆಟ್ಟ ಗಡ್ಡೆ ಎಂದರೆ, ಎರಡೆರಡು ಸಲ ಯಾಕೆ ಕೆಟ್ಟದ್ದು ಕೊಟ್ಟಿರಿ ಎನ್ನುತ್ತಾರೋ ಎಂದು ಮೇಷ್ಟ್ರು ಅಂಜಿದರು. ಗಂಟಲು ಸರಿಮಾಡಿಕೊಂಡು, ಪಾಠ ಹೇಳುವ ದನಿಯಲ್ಲಿ, "ಕೆಲವರ ಕೈಗುಣ ಹಾಗಿರುತ್ತೆ ಕಣಮ್ಮ. ಅದಕ್ಕೆ ಯಾರೇನು ಮಾಡೋದಕ್ಕಾಗುತ್ತೆ? ಎಲ್ಲ ಜೀವನೂ ಎಲ್ಲರ ಕೈ ಹಿಡಿಯೋದಿಲ್ಲ" ಎಂದರು.

ಹಾಜಿರಾ ಬೀಯ ಬೆರಳು ಅಕ್ಕಿಯ ಮೇಲೆ ನಿಂತಿತು. ತನ್ನಷ್ಟಕ್ಕೆ ಎಂಬಂತೆ, "ಹೊಟ್ಟೆಯಾಗೂ ಅದೇ, ಮಣ್ಣಾಗೂ ಅದೇ" ಎಂದಳು. ಹುಲಿಯಮ್ಮ ಬೀಜದ ಗಂಟನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಅದನ್ನು ಮತ್ತೆ ಸೊಂಟಕ್ಕೆ ಸಿಗಿಸಿಕೊಂಡು, "ಈ ವರ್ಷ ಹೊತ್ತು ಮೀರೇತೆ ಕಣವ್ವ, ಹಂಗೇ ಚೆಲ್ಲಿಬಿಡ್ತೀನಿ" ಎನ್ನುತ್ತಾ ಗಡಿಗೆ ಎತ್ತಿಕೊಂಡಳು. ಸಾಲೇಹಾ ಮುಂದೆ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

ಅಲ್ಲಿಂದ ಆ ಹಿತ್ತಲು ಹಾಳಾಯಿತು. ಹೀರೆಯ ಹಂದರ ಬಿದ್ದದ್ದನ್ನು ಯಾರೂ ಎತ್ತಿ ಕಟ್ಟಲಿಲ್ಲ. ಓಣಿಯ ಹೆಣ್ಣುಮಕ್ಕಳು ಗೋರಂಟಿ ಅರೆದು ಹಚ್ಚೆಂದು ಬಂದರೆ ಸಾಲೇಹಾ, "ಸೊಪ್ಪು ಕೊಯ್ಕಂಡು ಹೋಗ್ರೀ, ಹಚ್ಚೋದು ಬೇರೆಯವರ ಕೈಲಿ ಹಚ್ಚಿಸ್ಕಳ್ರೀ" ಎಂದು ಕಳಿಸುತ್ತಿದ್ದಳು. ಆ ದೀಪಾವಳಿಯ ಹೊತ್ತಿಗೆ ಸೊರಬದಲ್ಲಿ ಅವಳ ತಂಗಿ ರಾಬಿಯಾ ಬಾಣಂತಿತನದಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು. ಸಾಲೇಹಾ ಹೋದಳು, ಎಂಟು ದಿನಕ್ಕೆ ವಾಪಸ್ಸು ಬಂದಳು. ಬಂದವಳು ವರದಮ್ಮನ ಜತೆಗೂ ಹೆಚ್ಚು ಮಾತಾಡಲಿಲ್ಲ. ಐವತ್ತೆಂಟರ ಮೊದಲಲ್ಲಿ ಶೌಕತ್ ಅಲಿ ಆನವಟ್ಟಿಯ ಸಂತೆಬೀದಿಯಲ್ಲಿ ಅಂಗಡಿ ಹಿಡಿದು ಮನೆ ಖಾಲಿ ಮಾಡಿದ. ಸಾಮಾನಿನ ಗಾಡಿ ಓಣಿ ದಾಟಿದಾಗ ಮೇಷ್ಟ್ರಿಗೆ ಮೊದಲು ಆದದ್ದು, ಹೇಳಲು ನಾಚಿಕೆ, ಹಾಯೆನಿಸಿದ್ದು.

ಹಿಂದಿನ ಮಳೆಗಾಲದಲ್ಲಿ ಸುಗಂಧಿ ಚೆನ್ನಾಗಿ ಹೂ ಬಿಟ್ಟಿರಲಿಲ್ಲ. ಗಡ್ಡೆಗಳು ಒಂದರ ಮೇಲೊಂದು ಹತ್ತಿ, ನೆಲ ಬಿಟ್ಟು ಮೇಲೆದ್ದು, ನಡುವೆ ಉಸಿರು ಕಟ್ಟಿದಂತಾಗಿತ್ತು. ಆ ಬೇಸಿಗೆಯಲ್ಲಿ ಅಗೆದು ಬಿಡಿಸಲೇಬೇಕಾಯಿತು. ಮೂರು ಬುಟ್ಟಿ ಗಡ್ಡೆ ಬಂದವು. ಯಾರಿಗೂ ಕೊಡದ ಅಭ್ಯಾಸ. ಮೇಷ್ಟ್ರು ಅವನ್ನು ಹೊತ್ತು ಹುಚ್ಚರಾಯನ ಕೆರೆಯ ಕೋಡಿಯ ಹಳ್ಳಕ್ಕೆ ಸುರಿದು ಬಂದರು. ಬಟ್ಟೆ ಒಗೆಯಲು ಬಂದ ಹೆಂಗಸರು ಅವನ್ನು ಕಂಡರು, ಒಂದೊಂದು ಎತ್ತಿಕೊಂಡು ಹೋದರು. ಬಿಟ್ಟದ್ದು ಅಲ್ಲೇ ಬೇರಿಳಿಸಿತು. ಆ ವರ್ಷದ ದೀಪಾವಳಿ ಬರುವಷ್ಟರಲ್ಲಿ ಶಿಕಾರಿಪುರದಲ್ಲಿ ಬಚ್ಚಲು ನೀರು ಹರಿಯುವ ಕಡೆಯಲ್ಲೆಲ್ಲ ಸುಗಂಧಿ. ವರ್ಗವಾಗಿ ಬಂದ ಹೊಸ ಅಮಲ್ದಾರರ ಮನೆಗೆ ಮೇಷ್ಟ್ರು ಎಲೆಯ ಪೊಟ್ಟಣ ಹಿಡಿದು ಹೋದಾಗ ಆ ಮನೆಯಾಕೆ, "ಅಯ್ಯೋ, ನಮ್ಮ ಹಿತ್ತಲಲ್ಲೇ ಬೇಕಾದಷ್ಟಿದೆಯಲ್ಲ" ಎಂದು ನಕ್ಕು ಒಳಗೆ ಹೋದರು.

ಪೊಟ್ಟಣ ಹಿಡಿದೇ ಮನೆಗೆ ಬಂದ ಗಂಡನನ್ನು ವರದಮ್ಮ ನೋಡಿದರು. ಏನಾಯಿತೆಂದು ಕೇಳಿ ತಿಳಿದುಕೊಂಡ ಮೇಲೆ, "ಒಂದು ಕೇಳ್ತೀನಿ. ಸಾಲೇಹಾಗೆ ಗಡ್ಡೆ ಅಗೆದ ದಿನ ನೀವು ತಂಬಿಗೆಗೆ ತಟ್ಟೆ ಮುಚ್ಚಿದ್ರಿ. ಯಾಕ್ರೀ?" ಎಂದರು.

ಮೇಷ್ಟ್ರು ಪೊಟ್ಟಣವನ್ನು ಕೆಳಗಿಟ್ಟರು.

"ಆವತ್ತೇ ಕೇಳಬೇಕಿತ್ತು" ಎಂದರು ವರದಮ್ಮ. "ಕೇಳಿದ್ರೆ ನೀವು ಹೇಳ್ತಿದ್ರಿ, ಹೇಳಿದ್ರೆ ನಾನು ನಿಮ್ಮ ಜತೆ ಸಂಸಾರ ಮಾಡೋದು ಹೇಗೆ ಅಂತ ಸುಮ್ಮನಾದೆ. ನನ್ನ ತಲೆ ಬಾಚಿದ ಹುಡುಗಿ ಅದು."

ಅಷ್ಟೇ ಅಂದದ್ದು. ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟರು. ಊಟಕ್ಕೆ ಬಡಿಸುವಾಗ, "ಆನವಟ್ಟಿಗೆ ಬಸ್ಸು ಎಷ್ಟು ಹೊತ್ತಿಗಿದೆಯೋ ವಿಚಾರಿಸಿ" ಎಂದರು.

ಗಡ್ಡೆ ಅಗೆಯುವ ಕಾಲ ಬರಲಿ ಎಂದು ಮೇಷ್ಟ್ರು ಮುಂದೂಡುತ್ತಲೇ ಹೋದರು. ಐವತ್ತೊಂಬತ್ತರ ಮೇ ತಿಂಗಳ ಒಂದು ಬೆಳಿಗ್ಗೆ ಕೈಚೀಲದಲ್ಲಿ ಆರು ಒಳ್ಳೆಯ ಗಡ್ಡೆ ಇಟ್ಟುಕೊಂಡು ಹೊರಟರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಾಯಿತು. ಅಲ್ಲಿ ಅರ್ಧ ಗಂಟೆ ಕಾಯುವಾಗ ಹಿಂದಕ್ಕೆ ಹೋಗುವ ಬಸ್ಸೂ ಕಣ್ಣೆದುರೇ ನಿಂತಿತ್ತು. ಆ ಬಸ್ಸು ಹೊರಟುಹೋಗುವ ತನಕ ಅವರು ಬೇರೆ ಕಡೆ ಮುಖ ಮಾಡಿ ನಿಂತರು.

ಆನವಟ್ಟಿಯಲ್ಲಿ ದರ್ಜಿಯ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಶೌಕತ್ ಅಲಿ ಮಿಷನ್ನು ಬಿಟ್ಟು ಎದ್ದು ಬಂದ. "ಅರೆ, ಮೇಷ್ಟ್ರು! ಬನ್ರೀ, ಬನ್ರೀ. ನಿಮ್ಮನ್ನ ದಿನಾ ನೆನೆಸ್ತೀವಿ" ಎಂದು ಕೈಚೀಲ ಇಸಿದುಕೊಂಡು ಅಂಗಡಿಯ ಹಿಂದಿನ ಮನೆಗೆ ಕರೆದೊಯ್ದ. ಗಿರಾಕಿ ಕೂಗಿದ್ದರಿಂದ, ಈಗ ಬಂದೆ ಎಂದು ಮತ್ತೆ ಅಂಗಡಿಗೆ ಹೋದ. ಹಾಜಿರಾ ಬೀ ಹೊರಸಿನ ಮೇಲೆ ಕೂತಿದ್ದಳು, ಮುಪ್ಪು ಹೆಚ್ಚಾಗಿತ್ತು. ಸಾಲೇಹಾ ಚಹಾ ತಂದಿಟ್ಟು, ವರದಮ್ಮನ ಕೈ ಈಗ ನೋಯುತ್ತದೆಯೇ ಎಂದು ವಿಚಾರಿಸಿದಳು. ತೆರೆದಿದ್ದ ಹಿಂಬಾಗಿಲಿನಿಂದ ಹಿತ್ತಲು ಕಾಣುತ್ತಿತ್ತು. ಗುಡಿಸಿ ಸಾರಿಸಿದ ನೆಲ. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಮೇಷ್ಟ್ರು ಚೀಲ ಬಿಚ್ಚಿದರು. "ಗಡ್ಡೆ ತಂದಿದ್ದೀನಮ್ಮ."

ಸಾಲೇಹಾ ಹಿಂದಕ್ಕೆ ಸರಿದಳು. "ಬೇಡ ಮೇಷ್ಟ್ರೇ. ಅಷ್ಟು ದೂರದಿಂದ ತಂದೀರಿ, ನಿಮ್ಮ ದೊಡ್ಡ ಮನಸ್ಸು. ನನ್ನ ಕೈಗೆ ಮಾತ್ರ ಬೇಡ. ಅದೂ ಒಂದು ಜೀವ ಅಲ್ಲೇನ್ರೀ?"

ಆಗ ಅವರಿಗೆ ಬೇರೆ ದಾರಿ ಉಳಿಯಲಿಲ್ಲ. ನಿಂತೇ ಹೇಳಿದರು. ಮೊದಲನೆಯ ಸಲ, ಎರಡನೆಯ ಸಲ, ಹಂಡೆ, ತಂಬಿಗೆ, ಕೊನೆಗೆ ಕಟ್ಟೆಯ ಮುಂದೆ ಆಡಿದ ಮಾತು. ಮಕ್ಕಳು ತಪ್ಪು ಒಪ್ಪಿಕೊಳ್ಳುವಾಗ ದನಿ ಯಾಕೆ ಹಾಗೆ ಒಡೆಯುತ್ತದೆ ಎಂದು ಮೂವತ್ತೊಂದು ವರ್ಷ ಗೊತ್ತಾಗದ್ದು ಅವರಿಗೆ ಆಗ ಗೊತ್ತಾಯಿತು.

ಹಾಜಿರಾ ಬೀ ಬಾಯಿಗೆ ಸೆರಗು ಒತ್ತಿಕೊಂಡಳು. ಸಾಲೇಹಾ ಕೂಗಲಿಲ್ಲ, ಅಳಲೂ ಇಲ್ಲ.

"ಒಂದು ಸಲ ಆಗಿದ್ರೆ ಏನೋ ಅಂದ್ಕಬಹುದಿತ್ತು" ಎಂದಳು. "ಎರಡನೇ ಸಲ ಕೊಡುವಾಗ, ನಾನು ಹಿಂದಿನ ಮಳೆಗಾಲ ಆ ನೆಲ ನೋಡ್ಕೊಂತ ಕೂತಿದ್ದು ನೀವು ನೋಡಿದ್ರಲ್ಲ."

"ನೋಡಿದ್ದೆ."

"ರಾಬಿಯಾ ಹೋದಾಗ ಹೆಣ್ಣು ಕೂಸು ಬಿಟ್ಟು ಹೋದ್ಲು, ಹನ್ನೊಂದು ದಿನದ್ದು. ಅಪ್ಪ ತಂದು ನನ್ನ ಉಡ್ಯಾಗೆ ಹಾಕಿದ, ನೀನೇ ಸಾಕವ್ವ ಅಂತ. ಇವ್ರೂ ಹೂಂ ಅಂದಿದ್ರು." ಅವಳು ಅತ್ತೆಯ ಕಡೆ ನೋಡಲಿಲ್ಲ. "ನಾನು ಮುಟ್ಟಲಿಲ್ಲ ಮೇಷ್ಟ್ರೇ. ನನ್ನ ಕೈಯಾಗೆ ಯಾವುದೂ ಉಳಿಯಂಗಿಲ್ಲ, ಇದನ್ನ ನಾನೇ ಕೊಲ್ತೀನಿ ಅಂತ ಹೆದ್ರಿಕೊಂಡೆ. ಎಂಟು ದಿನ ಅದು ಅತ್ತಿದ್ದು ಕೇಳ್ಕೊಂತ ಬ್ಯಾರೆ ಕೋಣೆಯಾಗೆ ಕೂತಿದ್ದೆ. ಪುಣೆಯಿಂದ ಅದರ ಸೋದರತ್ತೆ ಬಂದು ತಗಂಡು ಹೋದ್ಲು. ಈಗ ಆಕೀನೇ ಅದಕ್ಕೆ ಅಮ್ಮ."

ಬಸ್ಸಿನಲ್ಲಿ ಬರುವಾಗ ಮೇಷ್ಟ್ರು ಬೈಗುಳವನ್ನು ಎಣಿಸಿದ್ದರು, ಕಣ್ಣೀರನ್ನು ಎಣಿಸಿದ್ದರು. ಕ್ಷಮೆಯನ್ನೂ ಒಂದಿಷ್ಟು ಎಣಿಸಿದ್ದರು. ಇಂಥದೊಂದು ಕೂಸು ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ.

"ತಾಯೀ, ನಾನೇನು ಮಾಡಲಿ ಹೇಳು."

"ನೀವು ಆವತ್ತು ನನಗೊಬ್ಬಳಿಗೇ ಹೇಳಲಿಲ್ಲ" ಎಂದಳು ಸಾಲೇಹಾ. "ಹುಲಿಯಮ್ಮನ ಮುಂದೆ ಹೇಳಿದ್ರಿ, ಆಕಿ ಓಣಿಗೆಲ್ಲ ಹೇಳಿದ್ಲು. ಹೋಗಿ ಆಕಿಗೆ ಹೇಳ್ರೀ. ಗಡ್ಡೆ ತಗಂಡು ಹೋಗ್ರೀ."

ಹಾಜಿರಾ ಬೀ ಹೊರಸಿನಿಂದ ಇಳಿದು ಬಂದು ಸೊಸೆಯ ಕೈ ಹಿಡಿಯಲು ನೋಡಿದಳು. ಸಾಲೇಹಾ ಕೈ ಬಿಡಿಸಿಕೊಂಡು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಮೇಷ್ಟ್ರು ಚಹಾ ಕುಡಿದಿರಲಿಲ್ಲ.

ಎರಡು ದಿನ ಬಿಟ್ಟು ಅವರು ಈಸೂರಿಗೆ ನಡೆದುಕೊಂಡೇ ಹೋದರು. ಹುಲಿಯಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಮೇಷ್ಟ್ರು ತನ್ನ ಮನೆ ಬಾಗಿಲಿಗೆ ಬಂದರೆಂದು ಗಡಿಬಿಡಿಯಿಂದ ಕೈ ತೊಳೆದು ಕಂಬಳಿ ಹಾಸಿದಳು. ಅವರು ಕೂರಲಿಲ್ಲ. ಹೇಳಿದ್ದನ್ನೆಲ್ಲ ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಮುಗಿದ ಮೇಲೆ ಹಾಸಿದ ಕಂಬಳಿಯನ್ನು ಮಡಿಚಿದಳು.

"ನೀವು ಓದಿದೋರು ಹೇಳಿದ್ರಿ ಅಂತ ನಾನು ನಂಬಿದ್ನಲ್ರೀ" ಎಂದಳು. "ಎರಡ್ ವರ್ಷ ನನ್ ಹೊಲದಾಗೆ ಕಣ್ಣಾರೆ ಕಂಡಿದ್ನ ಬಿಟ್ಟು ನಿಮ್ ಮಾತು ನಂಬ್ದೆ. ನನ್ ಬುದ್ಧೀಗಿಷ್ಟು. ಆ ಹುಡ್ಗಿ ಕೈ ಚಾಚಿತ್ತು, ನಾನು ಗಂಟು ಸಿಗಿಸ್ಕಂಡು ಬಂದೆ." ಆಮೇಲೆ, "ನಾಳೆಯಿಂದ ಮೊಸರಿಗೆ ಬ್ಯಾರೆಯೋರನ್ನ ನೋಡ್ಕಳ್ರಿ. ವರದಮ್ಮಾರಿಗೆ ತಪ್ಪು ತಿಳೀಬ್ಯಾಡಿ ಅನ್ರಿ" ಎಂದು ಸಗಣಿಯ ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದಳು.

ಒಂದು ವಾರದಲ್ಲಿ ಓಣಿಗೆಲ್ಲ ಗೊತ್ತಾಯಿತು. ಹುಲಿಯಮ್ಮ ಆ ಮಾತನ್ನು ಹರಡಿದಷ್ಟೇ ಚೆನ್ನಾಗಿ ಈ ಮಾತನ್ನೂ ಹರಡಿದಳು. ಮೇಷ್ಟ್ರು ಪೇಟೆಗೆ ಹೋಗುವುದನ್ನು ಬಿಟ್ಟರು. ವರದಮ್ಮ ಹೊತ್ತು ಹೊತ್ತಿಗೆ ಊಟ ಹಾಕುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಶೌಕತ್ ಅಲಿ ಬಾಗಿಲಲ್ಲಿ ಬಂದು ನಿಂತ. ನೂಲು, ಗುಂಡಿ ಕೊಳ್ಳಲು ಶಿಕಾರಿಪುರಕ್ಕೆ ಬಂದಿದ್ದನಂತೆ. ವರದಮ್ಮನಿಗೆಂದು ಸಾಲೇಹಾ ಹೊಲಿದು ಕಳಿಸಿದ್ದ ಕುಪ್ಪಸದ ಕಟ್ಟನ್ನು ಅವರ ಕೈಗೇ ಕೊಟ್ಟ.

"ಕೂತ್ಕೊ ಶೌಕತ್" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ, ಬಸ್ಸಿಗೆ ಹೊತ್ತಾತು."

ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಅದು ಇಬ್ಬರಿಗೂ ಗೊತ್ತಿತ್ತು.

"ಸಾಲೇಹಾ ಹೇಗಿದ್ದಾಳಪ್ಪ?" ಎಂದು ವರದಮ್ಮ ಕೇಳಿದರು.

"ಹೋದ ತಿಂಗಳು ಪುಣೆಗೆ ಹೋಗಿದ್ವಿ ಅಮ್ಮ. ಕೂಸನ್ನ ನೋಡ್ಬೇಕು ಅಂತ ಹಟ ಹಿಡಿದ್ಲು. ಎರಡು ತುಂಬೇತೆ, ಓಡಾಡ್ತೈತೆ. ತದ್ರೂಪು ರಾಬಿಯಾ." ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಇಕಿ ಬಳೆ ತಗಂಡು ಹೋಗಿದ್ಲು, ಹಾಕಿದ್ಲು. ಎತ್ಕಳ್ಳಾಕೆ ಹೋದ್ರೆ ಅತ್ಕೊಂತ ಓಡಿಹೋಗಿ ಅವ್ರಮ್ಮನ ಸೆರಗಿನಾಗೆ ಮುಖ ಮುಚ್ಕಂತು. ಮೂರು ದಿನ ಇದ್ವಿ. ಕೊನೇ ದಿನ ಸ್ವಲ್ಪ ಹತ್ರ ಬಂತು. ಅಷ್ಟೊತ್ತಿಗೆ ರೈಲಿಗೆ ಹೊತ್ತಾಗಿತ್ತು."

ವರದಮ್ಮ ಕುಪ್ಪಸದ ಕಟ್ಟನ್ನು ಎದೆಗವಚಿಕೊಂಡು ಒಳಗೆ ಹೋದರು. ಮೇಷ್ಟ್ರು ಕಂಬಕ್ಕೆ ಒರಗಿ ನಿಂತಿದ್ದರು.

"ನನಗೇನಾದರೂ ಹೇಳಿ ಕಳಿಸಿದಳಾ?" ಎಂದು ಕೇಳಿದರು.

ಶೌಕತ್ ಅಲಿ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡ. "ಇಲ್ಲ ಮೇಷ್ಟ್ರೇ" ಎಂದ. ಬರ್ತೀನ್ರೀ ಎಂದು ಓಣಿಯ ತಿರುವಿನ ಕಡೆ ನಡೆದ.